ಕಾವಲುಗಾರನ ಪೀಠ

ಬೆಂಕಿ, ನೀರು, ವಿದ್ಯುತ್ತು – ಈ ಮೂರೂ ಅಂಕೆಯಲ್ಲಿರುವವರೆಗೆ ಮಾನವನ ಸೇವಕರು. ಅಂಕೆ ಮೀರಿದೊಡನೆ ಅವನ ಮನೆಯನ್ನೇ ನುಂಗಬಲ್ಲ ಶತ್ರುಗಳು. ಬೆಂಕಿಗೆ ಒಲೆಯೂ ನೀರಿಗೆ ಕಟ್ಟೆಯೂ ಇರುವಂತೆ ವಿದ್ಯುತ್ತಿಗೂ ಒಂದು ಮೇರೆ ಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ವಿದ್ಯುತ್ತು ಹೋದೆಡೆಯಲ್ಲೆಲ್ಲ ಅದರ ಬೆನ್ನಿಗೆ ಒಬ್ಬ ಪುಟ್ಟ ಕಾವಲುಗಾರನೂ ಹೋಗಬೇಕಾಯಿತು. ಅವನೇ ಫ್ಯೂಸು.

ಫ್ಯೂಸಿನ ರಚನೆ ಅತ್ಯಂತ ಸರಳವಾದುದು. ನಿಗದಿತ ಪ್ರವಾಹವನ್ನು ಮಾತ್ರ ತಾಳಬಲ್ಲ ಒಂದು ಲೋಹದ ತುಂಡು. ಪ್ರವಾಹ ಆ ಮಿತಿಯನ್ನು ಮೀರಿದರೆ ಅದು ಕಾದು ಕರಗಿ ಮಂಡಲವನ್ನು ಕಡಿದುಹಾಕುತ್ತದೆ. ತಾನು ಅಳಿದು ಉಳಿದುದನ್ನೆಲ್ಲ ಉಳಿಸುವುದೇ ಅದರ ಧರ್ಮ. ಅಮೆರಿಕದ ಥಾಮಸ್ ಆಲ್ವ ಎಡಿಸನ್ 1890ರಲ್ಲಿ ಇಂತಹ ಒಂದು ಸಾಧನಕ್ಕೆ ಪೇಟೆಂಟ್ ಪಡೆದನು. ಇದರ ಹಿಂದಿರುವ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಜೌಲ್ ಅದಕ್ಕೂ ಅರ್ಧ ಶತಮಾನದಷ್ಟು ಹಿಂದೆಯೇ ಕಂಡುಹಿಡಿದಿದ್ದನು. ತಂತಿಯಲ್ಲಿ ಹುಟ್ಟುವ ಉಷ್ಣವು ಅದರ ರೋಧವನ್ನೂ ಪ್ರವಾಹದ ವರ್ಗವನ್ನೂ ಅನುಸರಿಸುತ್ತದೆ. ಪ್ರವಾಹ ಎರಡರಷ್ಟಾದರೆ ಉಷ್ಣ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟಾಗುತ್ತದೆ.

ಬೆಂಗಳೂರಿನ ವಾಯವ್ಯದಲ್ಲಿ, ತುಮಕೂರು ರಸ್ತೆಯಿಂದ ಹೆಸರಘಟ್ಟದ ಕಡೆಗೆ ತಿರುಗುವ ದಾರಿಯಲ್ಲಿ ಬಾಗಲಗುಂಟೆ ಇದೆ. ಹಿಂದೆ ಹಳ್ಳಿಯಾಗಿದ್ದ ಈ ಊರು ಈಗ ನಗರದೊಳಗೆ ಸೇರಿಹೋಗಿದೆ. ಪೀಣ್ಯದ ಕೈಗಾರಿಕಾ ಪ್ರದೇಶ ಇದಕ್ಕೆ ನೆರೆ. ಇಲ್ಲಿನ ಒಂದು ಬಡಾವಣೆಗೆ ಎಂ.ಇ.ಐ. ಬಡಾವಣೆಯೆಂದು ಹೆಸರು. ಆ ಮೂರಕ್ಷರಗಳು 1945ರಲ್ಲಿ ಸ್ಥಾಪಿತವಾದ ಮೈಸೂರು ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸಂಸ್ಥೆಯವು. ಪ್ರವಾಹ ಮಿತಿಮೀರಿದಾಗ ಅದನ್ನು ಕಡಿದು ನಿಲ್ಲಿಸುವ ಸ್ವಿಚ್‌ಗೇರ್ ಎಂಬ ದೊಡ್ಡ ಉಪಕರಣಗಳ ತಯಾರಿಕೆಗೆ ಆ ಸಂಸ್ಥೆ ಹೆಸರಾಯಿತು. ಫ್ಯೂಸಿನ ಹಿರಿಯಣ್ಣನೆನ್ನಬಹುದಾದ ಉಪಕರಣದ ನೆನಪು ಹೀಗೆ ಊರಿನ ಹೆಸರುಗಳಲ್ಲೇ ಬೆರೆತಿದೆ.

ಇಂದು ಈ ಬೀದಿಗಳಲ್ಲಿ ಹೊಸ ಬಗೆಯ ವಾಹನಗಳು ಓಡಾಡುತ್ತಿವೆ. 2001ರಲ್ಲಿ ರೇವಾ ಎಂಬ ವಿದ್ಯುತ್ ಕಾರನ್ನು ಹೊರತಂದ ನಗರ ಬೆಂಗಳೂರು. 2017ರಲ್ಲಿ ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿ ಕರ್ನಾಟಕವು ದೇಶದ ಇತರ ರಾಜ್ಯಗಳಿಗಿಂತ ಮುಂದೆ ಹೆಜ್ಜೆಯಿಟ್ಟಿತು. 2022ರಲ್ಲಿ ಇದೇ ನಗರದ ಅಲ್ಟ್ರಾವಯೊಲೆಟ್ ಸಂಸ್ಥೆ ಎಫ್77 ಎಂಬ ವಿದ್ಯುತ್ ಮೋಟಾರ್ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಕಾರ್ಖಾನೆಗೆ ಹೋಗುವ ಕೆಲಸಗಾರರು, ಮನೆಮನೆಗೆ ಊಟ ತಲುಪಿಸುವ ಯುವಕರು ಅನೇಕರು ಈಗ ಬ್ಯಾಟರಿಯ ವಾಹನವನ್ನೇ ನಂಬಿದ್ದಾರೆ. ಆ ವಾಹನ ಒಂದು ದಿನ ನಿಂತರೆ ಅಂದಿನ ಸಂಪಾದನೆಯೂ ನಿಲ್ಲುತ್ತದೆ.

ಇಂತಹ ವಾಹನದ ಬ್ಯಾಟರಿ ಪೆಟ್ಟಿಗೆಯಲ್ಲಿ ಲಿಥಿಯಂ ಅಯಾನ್ ಕೋಶಗಳಿರುತ್ತವೆ. ಒಂದು ಕೋಶದ ವಿಭವ ಸುಮಾರು 3.6 ವೋಲ್ಟ್. ಇಪ್ಪತ್ತು ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 72 ವೋಲ್ಟ್ ದೊರೆಯುತ್ತದೆ. ಪೂರ್ತಿ ಚಾರ್ಜಾದಾಗ ಅದು 84 ವೋಲ್ಟ್ ಮುಟ್ಟುತ್ತದೆ. ಪೆಟ್ಟಿಗೆಗೂ ಮೋಟಾರಿನ ನಿಯಂತ್ರಕಕ್ಕೂ ನಡುವೆ ಕಾವಲುಗಾರನಾದ ಫ್ಯೂಸು ಕುಳಿತಿರುತ್ತದೆ. ಅದು ಕುಳಿತುಕೊಳ್ಳುವ ಪೀಠಕ್ಕೆ ಫ್ಯೂಸ್ ಹೋಲ್ಡರ್ ಎಂದು ಹೆಸರು. ಲೋಹದ ಎರಡು ಹಿಡಿಗಳು, ಅವುಗಳನ್ನು ಹೊತ್ತ ಪ್ಲಾಸ್ಟಿಕ್ ತಳ – ಇಷ್ಟೇ ಅದರ ಅಂಗಗಳು. ಎಲ್ಲರೂ ಫ್ಯೂಸನ್ನು ನೋಡುತ್ತಾರೆ. ಪೀಠವನ್ನು ನೋಡುವವರು ವಿರಳ. ಕೇಡು ಅನೇಕ ವೇಳೆ ಅಲ್ಲಿಯೇ ಮೊದಲಾಗುತ್ತದೆ.

ಹಳ್ಳಗುಂಡಿಗಳಲ್ಲಿ ಕುಲುಕಾಡಿ ಹೋಲ್ಡರಿನ ಹಿಡಿಗಳು ಸಡಿಲವಾಗುತ್ತವೆ. ಮಳೆಯ ತೇವ ಸೇರಿದರೆ ತಾಮ್ರದ ಪಾತ್ರೆಗೆ ಕಿಲುಬು ಹಿಡಿಯುವಂತೆ ಅವುಗಳಿಗೂ ಹಿಡಿಯುತ್ತದೆ. ಆಗ ಲೋಹ ಲೋಹವನ್ನು ಪೂರ್ಣವಾಗಿ ಮುಟ್ಟುವುದಿಲ್ಲ. ಸ್ಪರ್ಶದ ಜಾಗದಲ್ಲಿ ರೋಧ ಹೆಚ್ಚುತ್ತದೆ. ಲೆಕ್ಕ ಹಾಕಿ ನೋಡಿದರೆ ಅಪಾಯ ತಿಳಿಯುತ್ತದೆ. ಒಳ್ಳೆಯ ಹೋಲ್ಡರಿನ ರೋಧ 0.0005 ಓಮ್ ಎಂದಿಟ್ಟುಕೊಂಡರೆ, 60 ಆಂಪಿಯರ್ ಪ್ರವಾಹದಲ್ಲಿ ಅಲ್ಲಿ ಹುಟ್ಟುವ ಉಷ್ಣ 1.8 ವಾಟ್ ಮಾತ್ರ. ರೋಧ 0.005 ಓಮಿಗೆ ಏರಿದರೆ ಅದೇ ಪ್ರವಾಹದಲ್ಲಿ 18 ವಾಟ್ ಹುಟ್ಟುತ್ತದೆ. ಬೆರಳಿನಷ್ಟು ಜಾಗದಲ್ಲಿ ಚಿಕ್ಕದೊಂದು ಬೆಸುಗೆಕಡ್ಡಿಯನ್ನು ಹೊತ್ತಿಸಿಟ್ಟಂತೆ ಇದು. ಆ ಕಾವಿಗೆ ಹಿಡಿಯ ಬಿಗುಪು ಮತ್ತಷ್ಟು ಕುಗ್ಗುತ್ತದೆ. ಬಿಗುಪು ಕುಗ್ಗಿದಷ್ಟೂ ರೋಧ ಏರುತ್ತದೆ. ರೋಧ ಏರಿದಷ್ಟೂ ಕಾವು ಬೆಳೆಯುತ್ತದೆ.

ಇಲ್ಲೊಂದು ಸೋಜಿಗವಿದೆ. ಪೀಠ ಸುಡುತ್ತಿದ್ದರೂ ಫ್ಯೂಸು ಸುಮ್ಮನಿರಬಹುದು. ಏಕೆಂದರೆ ಫ್ಯೂಸಿಗೆ ಗೊತ್ತಾಗುವುದು ಪ್ರವಾಹದ ಮಿತಿಮೀರಿಕೆ. ಇಲ್ಲಿ ಪ್ರವಾಹ ಮಿತಿಯಲ್ಲೇ ಇದೆ. ಕಾಯಬೇಕಾದ ಎಡೆಯಲ್ಲಿಯೇ ಬೆಂಕಿ ಹುಟ್ಟುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇನ್ನೊಮ್ಮೆ, ಪೀಠದ ಕಾವು ಫ್ಯೂಸಿಗೂ ಹರಡಿ ಅದು ಅಕಾಲದಲ್ಲಿ ಕರಗಬಹುದು. ಆಗ ವಾಹನದ ಒಡೆಯ ಫ್ಯೂಸನ್ನೇ ದೂರುತ್ತಾನೆ. ಹೊಸದನ್ನು ಹಾಕಿದರೂ ಅದು ಕರಗುತ್ತದೆ. ಬೇಸತ್ತು ಹೆಚ್ಚು ಆಂಪಿಯರಿನ ಫ್ಯೂಸನ್ನೋ ತಾಮ್ರದ ತಂತಿಯನ್ನೋ ಸೇರಿಸಿದರೆ ಬಂಡಿ ಓಡುತ್ತದೆ, ನಿಜ. ಆದರೆ ಕಾವಲುಗಾರನನ್ನು ಓಡಿಸಿ ಬಾಗಿಲು ತೆರೆದಿಟ್ಟು ಮಲಗಿದಂತಾಗುತ್ತದೆ.

ಬಲ್ಲ ಕೆಲಸಗಾರನ ಕ್ರಮ ಬೇರೆ. ಅವನು ಮೊದಲು ಕೇಳುವ ಪ್ರಶ್ನೆ, ‘ಫ್ಯೂಸು ಏಕೆ ಹೋಯಿತು?’ ಎಂಬುದು. ಪ್ಲಾಸ್ಟಿಕ್ಕು ಕಂದಿದೆಯೇ, ಸುಟ್ಟ ವಾಸನೆಯಿದೆಯೇ, ತಾಮ್ರ ಕಪ್ಪಾಗಿದೆಯೇ ಎಂದು ಪರೀಕ್ಷಿಸುತ್ತಾನೆ. ಇಷ್ಟು ಅಲ್ಪ ರೋಧವನ್ನು ಸಾಮಾನ್ಯ ಮಲ್ಟಿಮೀಟರು ನೇರವಾಗಿ ಅಳೆಯಲಾರದು. ಆದುದರಿಂದ ಪ್ರವಾಹ ಹರಿಯುತ್ತಿರುವಾಗ ಹೋಲ್ಡರಿನ ಎರಡು ತುದಿಗಳ ನಡುವಣ ವಿಭವವನ್ನು ಅಳೆಯುತ್ತಾನೆ. 60 ಆಂಪಿಯರಿನಲ್ಲಿ 0.03 ವೋಲ್ಟ್ ಕಂಡರೆ ಪೀಠ ಗಟ್ಟಿ, 0.3 ವೋಲ್ಟ್ ಕಂಡರೆ ರೋಗ ಸಿಕ್ಕಿತು.

ದುರಸ್ತಿಗೆ ಮುನ್ನ ಅವನು ಉಂಗುರ, ಗಡಿಯಾರಗಳನ್ನು ಕಳಚಿಡುತ್ತಾನೆ. ವಿದ್ಯುನ್ನಿರೋಧಕ ಕೈಗವಸು ತೊಟ್ಟು, ಹಿಡಿಗೆ ಹೊದಿಕೆಯಿರುವ ಸಲಕರಣೆಗಳನ್ನು ಬಳಸುತ್ತಾನೆ. ಸ್ವಿಚ್ಚು ಆರಿಸಿದರೂ ಕೋಶಗಳು ಆರುವುದಿಲ್ಲವೆಂಬುದು ಅವನಿಗೆ ಗೊತ್ತು. ಮುಖ್ಯ ಜೋಡಣೆಯನ್ನು ಕಳಚಿ, ಮುಂದೆ ವಿಭವವಿಲ್ಲವೆಂದು ಅಳೆದು ಖಚಿತಪಡಿಸಿಕೊಂಡ ಬಳಿಕವೇ ಕೈಯಿಡುತ್ತಾನೆ. ಕಾವಿಗೆ ಸೋತ ಹಿಡಿಯನ್ನು ಉಜ್ಜಿ ಬೆಳಗಿಸಿದರೂ ಅದರ ಬಿಗುಪು ಮರಳದು; ಆದ್ದರಿಂದ ಹೋಲ್ಡರನ್ನೇ ಬದಲಾಯಿಸುತ್ತಾನೆ. ಸುಟ್ಟ ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ಲಗ್ಗನ್ನು ಒತ್ತಿ ಕೂರಿಸಿ, ತಯಾರಕರು ಹೇಳಿದ ಬಿಗಿಗೆ ತಿರುಪನ್ನು ಬಿಗಿಯುತ್ತಾನೆ. ನೀರು ನುಗ್ಗದಂತೆ ಮುಚ್ಚಿ, ಕೊನೆಗೆ ಮತ್ತೊಮ್ಮೆ ವಿಭವವನ್ನು ಅಳೆಯುತ್ತಾನೆ.

ಹೊಸ ಫ್ಯೂಸಿನ ಆಂಪಿಯರ್ ಮಾತ್ರವಲ್ಲ, ವೋಲ್ಟ್ ಸಹ ಹೊಂದಬೇಕು. ಮನೆಯ ಪರ್ಯಾಯ ಪ್ರವಾಹ ಸೆಕೆಂಡಿಗೆ ನೂರು ಬಾರಿ ಸೊನ್ನೆಗಿಳಿಯುವುದರಿಂದ ಫ್ಯೂಸು ಕರಗಿದಾಗ ಏಳುವ ಕಿಡಿ ಬೇಗ ನಂದುತ್ತದೆ. ಬ್ಯಾಟರಿಯ ನೇರ ಪ್ರವಾಹ ಎಂದೂ ಹಾಗೆ ಇಳಿಯುವುದಿಲ್ಲ. ಕಿಡಿ ಕಮಾನಾಗಿ ನಿಂತು ಉರಿಯಬಲ್ಲದು. ಕಾರುಗಳಲ್ಲಿ ಬಳಸುವ ಸಾಮಾನ್ಯ 32 ವೋಲ್ಟಿನ ಫ್ಯೂಸನ್ನು 72 ವೋಲ್ಟಿನ ಬ್ಯಾಟರಿಗೆ ಹಾಕಬಾರದೆಂಬುದು ಇದರಿಂದಲೇ.

2022ರಲ್ಲಿ ದೇಶದ ಹಲವೆಡೆ ವಿದ್ಯುತ್ ದ್ವಿಚಕ್ರ ವಾಹನಗಳು ಹೊತ್ತಿ ಉರಿದವು. ಬಳಿಕ ಕೇಂದ್ರ ಸರ್ಕಾರವು ಎ.ಐ.ಎಸ್. 156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ, ಅದೇ ವರ್ಷದ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ತಂದಿತು. ನಿಯಮ ಕಾರ್ಖಾನೆಯ ಬಾಗಿಲಿನವರೆಗೆ ಕಾಯಬಲ್ಲದು. ಅಲ್ಲಿಂದ ಮುಂದೆ ದುರಸ್ತಿ ಮಾಡುವವನ ಕೈಯೇ ಕಾವಲು. ತರಬೇತಿಯಿಲ್ಲದವರು ಬ್ಯಾಟರಿ ಪೆಟ್ಟಿಗೆಯನ್ನು ತೆರೆಯಬಾರದು. ಆದರೆ ಪದೇ ಪದೇ ಕರಗುವ ಫ್ಯೂಸು ಏನನ್ನೋ ಹೇಳುತ್ತಿದೆಯೆಂದು ಅರಿಯುವುದು, ಅದರ ಬಾಯಿ ಮುಚ್ಚಿಸದೆ ಬಲ್ಲವರ ಬಳಿಗೆ ಒಯ್ಯುವುದು ಎಲ್ಲರಿಂದಲೂ ಆಗುವ ಕೆಲಸ.

ಅಭ್ಯಾಸ

ಅ) ಪದಗಳ ಅರ್ಥ
ಮೇರೆ – ಎಲ್ಲೆ, ಮಿತಿ
ರೋಧ – ವಿದ್ಯುತ್ ಪ್ರವಾಹಕ್ಕೆ ಉಂಟಾಗುವ ತಡೆ
ಕಿಲುಬು – ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವ ಮಲಿನ
ಸೋಜಿಗ – ಆಶ್ಚರ್ಯ

ಆ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ
1. ಫ್ಯೂಸಿನ ಧರ್ಮವೇನು?
2. ಎಂ.ಇ.ಐ. ಬಡಾವಣೆಯ ಹೆಸರು ಯಾವ ಸಂಸ್ಥೆಯನ್ನು ನೆನಪಿಸುತ್ತದೆ?
3. 32 ವೋಲ್ಟಿನ ಫ್ಯೂಸನ್ನು 72 ವೋಲ್ಟಿನ ಬ್ಯಾಟರಿಗೆ ಏಕೆ ಹಾಕಬಾರದು?

ಇ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ
1. ಹೋಲ್ಡರು ಸುಡುತ್ತಿದ್ದರೂ ಫ್ಯೂಸು ಸುಮ್ಮನಿರಲು ಕಾರಣವೇನು?
2. ಬಲ್ಲ ಕೆಲಸಗಾರನು ದೋಷವನ್ನು ಪತ್ತೆ ಮಾಡುವ ಕ್ರಮವನ್ನು ವಿವರಿಸಿರಿ.

ಈ) ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ – ಈ ಗಾದೆಯನ್ನು ಪಾಠದ ಹಿನ್ನೆಲೆಯಲ್ಲಿ ವಿಸ್ತರಿಸಿರಿ.

ಉ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ವಿದ್ಯುದ್ದೀಪ, ಹೋದೆಡೆ, ಅತ್ಯಂತ