ಮಗಳ ಕಾಲೇಜು

"ಯವ್ವಾ, ನಾ ಡಿಸೈನ್ ಕಲೀತೀನಿ."

ಹಳೇ ಹುಬ್ಬಳ್ಳಿಯ ಒಂದು ಮನೆ. ತಾಯಿ ರೊಟ್ಟಿ ಬಡಿಯುತ್ತಿದ್ದಾಳೆ. ಮಗಳು ಪಿಯುಸಿ ಪಾಸಾಗಿದ್ದಾಳೆ. ಅವಳ ಕೈಯಲ್ಲಿ ಒಂದು ಬಣ್ಣದ ಕಾಗದ ಇದೆ.

"ಡಿಸೈನ್ ಅಂದ್ರ ಏನವಾ? ಹೊಲಿಗಿ ಕ್ಲಾಸೇನು?"

"ಹೊಲಿಗಿನೂ ಐತಿ. ಕಂಪ್ಯೂಟರಿನ್ಯಾಗ ಚಿತ್ರ ತಗಿಯೋದೂ ಐತಿ. ಲಗ್ನಪತ್ರಿಕಿ, ಪೋಸ್ಟರ್, ಪುಸ್ತಕದ ಮುಖಪುಟ, ಫೋಟೊ, ವಿಡಿಯೊ, ಎಲ್ಲಾ ಕಲಸ್ತಾರ."

"ರೊಕ್ಕ ಎಷ್ಟ?"

ಮಗಳು ತಡೆದು ಹೇಳಿದಳು. "ವರ್ಷಕ್ಕ 60,000."

ತಾಯಿಯ ಕೈ ನಿಂತಿತು. ಸಂಘದಲ್ಲಿ ಸಾಲ ಕೇಳಿದರೆ 40,000 ಸಿಗಬಹುದು. ಉಳಿದದ್ದು? ಅಷ್ಟರಲ್ಲಿ ಜಗಲಿಯ ಮೇಲೆ ಕುಳಿತಿದ್ದ ದೊಡ್ಡಪ್ಪ ಮಾತು ತೆಗೆದ. "ಹೆಣ್ಣುಡುಗೀಗೆ ಇಷ್ಟ್ಯಾಕ ಖರ್ಚು? ಆ ರೊಕ್ಕ ಲಗ್ನಕ್ಕ ಆಗ್ತೈತಿ."

ತಾಯಿ ಅವನಿಗೆ ಉತ್ತರ ಕೊಡಲಿಲ್ಲ. ಕೈ ತೊಳೆದುಕೊಂಡಳು. "ಆ ಕಾಗದ ಇಲ್ಲಿ ಕೊಡು" ಎಂದಳು. ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು.

ಅಕ್ಕಂದಿರೇ, ಇಂಥ ಮಾತು ನಿಮ್ಮ ಮನೆಯಲ್ಲೂ ಬರಬಹುದು. ಚಿತ್ರ ಕಲಿಯುವುದು ನಮ್ಮ ಕಡೆಗೆ ಹೊಸದಲ್ಲ. ಡಿ. ವಿ. ಹಾಲಭಾವಿ ಎಂಬ ಚಿತ್ರಕಾರರು ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಬಂದರು. ಸ್ವಾತಂತ್ರ್ಯ ಬರುವ ಮೊದಲೇ ಧಾರವಾಡದಲ್ಲಿ ಚಿತ್ರಕಲಾ ಶಾಲೆ ತೆರೆದರು. ಅದೂ ಒಬ್ಬ ವ್ಯಕ್ತಿ ತೆರೆದ ಸಣ್ಣ ಶಾಲೆಯೇ ಆಗಿತ್ತು.

ನಮ್ಮ ಹೆಣ್ಣುಮಕ್ಕಳಿಗಂತೂ ಡಿಸೈನ್ ಕೈಯಲ್ಲೇ ಇದೆ. ಕಸೂತಿ ನೋಡಿರಿ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಹಾಕುತ್ತೇವೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆ. ಅದರಲ್ಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡುತ್ತವೆ. ಕಾಲೇಜಿನಲ್ಲಿ ಇದೇ ಲೆಕ್ಕವನ್ನು ಚೌಕಳಿ ಕಾಗದದ ಮೇಲೆ ಅಥವಾ ಕಂಪ್ಯೂಟರಿನಲ್ಲಿ ಮಾಡಬಹುದು. ಆದ್ದರಿಂದ "ನನಗೇನು ತಿಳೀತೈತಿ" ಎಂದು ತಾಯಿ ಹಿಂದೆ ಸರಿಯಬೇಕಾಗಿಲ್ಲ. ಗವಂತಿ ಸರಿ ಬಿತ್ತೋ ಇಲ್ಲವೋ ಎಂದು ಬಟ್ಟೆ ತಿರುವಿ ಹಿಂದಿನ ಮಗ್ಗಲು ನೋಡುವವಳು ಅವಳೇ ಅಲ್ಲವೇ?

ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು: "100ಕ್ಕೆ 100 ನೌಕರಿ." ಕೆಳಗೆ ಸಣ್ಣ ಅಕ್ಷರದಲ್ಲಿ "ಸಂಸ್ಥೆಯ ಪ್ರಮಾಣಪತ್ರ ಕೊಡಲಾಗುವುದು" ಎಂದಿತ್ತು. ತಾಯಿ ಆ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟಳು.

ಮರುದಿನ ತಾಯಿ, ಮಗಳು ಇಬ್ಬರೂ ಆ ಕಾಲೇಜಿಗೆ ಹೋದರು. ಅಂಗಡಿಗಳ ಮೇಲಿನ ಮಾಳಿಗೆಯಲ್ಲಿ ನಾಲ್ಕು ಕೋಣೆ. ಕಚೇರಿಯವನು ಕುರ್ಚಿ ಕೊಟ್ಟ.

"ಸರ, ಸರ್ಟಿಫಿಕೇಟ್ ಯಾರ ಹೆಸರಿನ್ಯಾಗ ಬರ್ತೈತ್ರಿ?"

"ನಮ್ಮ ಸಂಸ್ಥೇದ ರೀ ಅಕ್ಕಾರ."

"ಯೂನಿವರ್ಸಿಟಿ ಹೆಸರು ಇರ್ತೈತೇನ್ರಿ?"

"ಇಲ್ಲರಿ. ಇದು ಕೆಲಸ ಕಲಸೋ ಕೋರ್ಸ್."

ಅವನು ಸುಳ್ಳು ಹೇಳಲಿಲ್ಲ. ಕೇಳದಿದ್ದರೆ ಹೇಳುತ್ತಲೂ ಇರಲಿಲ್ಲ!

ಇಲ್ಲಿ ಒಂದು ಮಾತು ತಿಳಿಯಬೇಕು. ಪದವಿ ಬೇರೆ, ಪ್ರಮಾಣಪತ್ರ ಬೇರೆ. 1956ರ ಯುಜಿಸಿ ಕಾಯ್ದೆಯ ಪ್ರಕಾರ ಪದವಿ ಕೊಡುವ ಹಕ್ಕು ಕಾನೂನಿನಂತೆ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ ಮತ್ತು ಆ ಹಕ್ಕು ಪಡೆದ ಸಂಸ್ಥೆಗಳಿಗೆ ಮಾತ್ರ ಇದೆ. ಸಣ್ಣ ಕಾಲೇಜು ತಾನೇ ಪದವಿ ಕೊಡಲಾರದು. ಅದು ಒಂದು ವಿಶ್ವವಿದ್ಯಾಲಯಕ್ಕೆ ಸೇರಿರಬೇಕು. ಆಗ ವಿಶ್ವವಿದ್ಯಾಲಯವೇ ಪರೀಕ್ಷೆ ನಡೆಸಿ ಪದವಿ ಕೊಡುತ್ತದೆ. ಹೀಗೆ ಸೇರಿರುವುದಕ್ಕೆ ಮಾನ್ಯತೆ ಎನ್ನುತ್ತಾರೆ. ಚಿತ್ರಕಲೆಯ ಪದವಿಗೆ ಬಿ.ವಿ.ಎ. ಎಂದು ಹೆಸರು. ಪಿಯುಸಿ ಆದ ಮೇಲೆ 4 ವರ್ಷ.

ಹಾಗಾದರೆ ಮಾನ್ಯತೆ ಇಲ್ಲದ ಕ್ಲಾಸು ಕೆಟ್ಟದ್ದೇ? ಹಾಗೇನಿಲ್ಲ. ಅಚ್ಚಿನ ಅಂಗಡಿಯವರು, ಫೋಟೊ ಸ್ಟುಡಿಯೊದವರು ಕೈಕೆಲಸ ನೋಡುತ್ತಾರೆ. ಹತ್ತು ಹನ್ನೆರಡು ಮಂದಿ ಇರುವ ಕ್ಲಾಸಿನಲ್ಲಿ ಗುರುಗಳಿಗೆ ಒಬ್ಬೊಬ್ಬರ ಕೈಯೂ ಗೊತ್ತಿರುತ್ತದೆ. ಅದು ದೊಡ್ಡ ಲಾಭ. ಆದರೆ ಪದವಿ ಕೇಳುವ ನೌಕರಿಗೆ ಆ ಪ್ರಮಾಣಪತ್ರ ನಡೆಯುವುದಿಲ್ಲ. ಎಂ.ವಿ.ಎ. ಓದಲು ನಡೆಯುವುದಿಲ್ಲ. ಸರ್ಕಾರದ ವಿದ್ಯಾರ್ಥಿವೇತನ, ಬ್ಯಾಂಕಿನ ಶಿಕ್ಷಣ ಸಾಲ ಸಿಗುವುದೂ ಕಷ್ಟ. ಬರಿ ಕೆಲಸ ಕಲಿಯುವುದೇ ಸಾಕು ಎಂದಾದರೆ 60,000 ಕೊಡುವ ಮೊದಲು ಬೇರೆ ಕಡೆಯೂ ಕೇಳಬೇಕು. ಧಾರವಾಡದಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. ಅಲ್ಲಿ ಸ್ವಂತ ಉದ್ಯೋಗಕ್ಕಾಗಿ ಕಡಿಮೆ ದಿನಗಳ ತರಬೇತಿ ಉಚಿತ. ಊಟ, ವಸತಿಯೂ ಉಚಿತ. ರಾಜ್ಯದ ಕೆಲವು ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸದ 3 ವರ್ಷದ ಡಿಪ್ಲೊಮಾ ಇದೆ. ಅದಕ್ಕೆ ಎಸ್ಸೆಸ್ಸೆಲ್ಸಿ ಪಾಸಾದರೆ ಸಾಕು.

ತಾಯಿ ಮತ್ತೆ ಕೇಳಿದಳು. "ಎಷ್ಟು ಕಂಪ್ಯೂಟರ್ ಅದಾವ್ರಿ? ಒಂದಕ್ಕ ಎಷ್ಟು ಮಂದಿ ಕೂಡ್ತಾರ?" ಐದು ಇದ್ದವು. ಎರಡು ಕೆಟ್ಟಿದ್ದವು. "ಹ್ವಾದ ವರ್ಷ ಕಲಿತವರು ಎಲ್ಲೆಲ್ಲಿ ಕೆಲಸಾ ಮಾಡ್ತಾರ? ಒಬ್ಬಿಬ್ಬರ ಜೋಡಿ ನನ್ನ ಮಗಳು ಮಾತಾಡಲಿ." ಕಚೇರಿಯವನು ಆಮೇಲೆ ಹೇಳುತ್ತೇನೆಂದ. "ಇವತ್ತ ಮೂಲ ಅಂಕಪಟ್ಟಿ ಇಟ್ಟು ಹೋಗ್ರಿ, ಸೀಟು ಹಿಡೀತೀವಿ" ಎಂದೂ ಹೇಳಿದ.

ತಾಯಿ ಅಂಕಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಅವಳು ಮಾಡಿದ್ದೇ ಸರಿ. ಮೂಲ ಅಂಕಪಟ್ಟಿ ತೋರಿಸಬಹುದು, ಜೆರಾಕ್ಸ್ ಕೊಡಬಹುದು. ಮಾನ್ಯತೆ ಇರುವ ಕಾಲೇಜುಗಳು ಕೂಡ ಮೂಲ ಅಂಕಪಟ್ಟಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬಾರದು ಎಂದು 2018ರಲ್ಲಿ ಯುಜಿಸಿ ಸೂಚನೆ ಹೊರಡಿಸಿದೆ. ಪ್ರವೇಶ ರದ್ದು ಮಾಡಿದರೆ ಶುಲ್ಕ ಮರಳಿ ಕೊಡಬೇಕು ಎಂಬುದೂ ಅದರಲ್ಲಿದೆ. ಆದರೆ ತಡ ಮಾಡಿದಷ್ಟೂ ಮರಳಿ ಬರುವ ಹಣ ಕಡಿಮೆಯಾಗುತ್ತದೆ. ಮಾನ್ಯತೆ ಇಲ್ಲದ ಕ್ಲಾಸಿನಲ್ಲಿ ಹಣ ಮರಳಿ ಕೊಡುವ ಮಾತನ್ನು ಮೊದಲೇ ಬರೆಸಿಕೊಳ್ಳಬೇಕು. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ.

ಮೆಟ್ಟಿಲು ಇಳಿಯುವಾಗ ತಾಯಿ ಕೇಳಿದಳು. "ಖರೇ ಹೇಳು. ಮುಂದ ಏನಾಗಬೇಕಂತಿ?"

"ನನಗ ಕಾಲೇಜಿನ್ಯಾಗ ಚಿತ್ರಕಲಾ ಕಲಸೂ ಆಸೆ ಐತಿ, ಯವ್ವಾ."

"ಹಂಗಾರ ನಮಗ ಪದವಿನೇ ಬೇಕು."

ಅವರು ಧಾರವಾಡದ ಬಸ್ಸು ಹತ್ತಿದರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ಹಣ ಕೊಡಬೇಕಾಗಿಲ್ಲ. ಎಸಿ ಬಸ್ಸಾದರೆ ಕೊಡಬೇಕು. ದಿನಾ ಓಡಾಡುವ ಹುಡುಗಿಗೆ ಇದು ಸಣ್ಣ ಉಳಿತಾಯವಲ್ಲ.

ಪಾವಟೆ ನಗರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ. 1949ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದ ವಿಶ್ವವಿದ್ಯಾಲಯ ಇದು. ತನಗೆ ಸೇರಿದ ಕಾಲೇಜುಗಳ ಪಟ್ಟಿ ಅದರ ಬಳಿ ಇರುತ್ತದೆ. ತಾಯಿ ಪಟ್ಟಿಯ ಮೇಲೆ ಬೆರಳಾಡಿಸಿದಳು. ಮಗಳು ಬರೆದುಕೊಂಡಳು. ಅದರಲ್ಲಿ ಒಂದು ಸಣ್ಣ ಖಾಸಗಿ ಚಿತ್ರಕಲಾ ಕಾಲೇಜನ್ನು ಇಬ್ಬರೂ ನೋಡಿ ಬಂದರು. ಅಲ್ಲಿ ಗೋಡೆಯ ತುಂಬ ವಿದ್ಯಾರ್ಥಿಗಳ ಚಿತ್ರಗಳಿದ್ದವು. ಹುಡುಗಿಯರ ಶೌಚಾಲಯಕ್ಕೆ ಚಿಲಕ ಇತ್ತು. ಅದನ್ನೂ ನೋಡಬೇಕು.

ಮನೆಯಲ್ಲಿ ದೊಡ್ಡಪ್ಪ ಕೇಳಿದ. "ನಾಕು ವರ್ಷಾನ? ಅಲ್ಲೀತನಕ ಆಕೀಗೆ ಎಷ್ಟು ವಯಸ್ಸಾಗ್ತೈತಿ ಗೊತ್ತೈತೇನು?"

"ಇಪ್ಪತ್ತೆರಡು ಆಗ್ತೈತ್ರಿ" ಎಂದಳು ತಾಯಿ. "ಕಲೀದಿದ್ದರೂ ಇಪ್ಪತ್ತೆರಡ ಆಗ್ತೈತಿ."

ಸಂಘದಿಂದ ಸಾಲ ಪಡೆದು ಮೊದಲ ಕಂತು ಕಟ್ಟಿದರು. ವಿದ್ಯಾರ್ಥಿವೇತನಕ್ಕೆ ಮಗಳು ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದಳು. ಅದು ಸರ್ಕಾರದ ವಿದ್ಯಾರ್ಥಿವೇತನದ ಆನ್‌ಲೈನ್ ಕಿಂಡಿ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಂಡರೆ ಓಡಾಟ ಕಡಿಮೆ.

ಹಣ ಕಟ್ಟಿದಾಗ ಕಾಲೇಜಿನವರು ರಸೀದಿ ಕೊಟ್ಟರು. ತಾಯಿ ಅಲ್ಲೇ ನಿಂತು ಓದಿದಳು. "ಸರ, ಇದರಾಗ ಮೂರು ಬಿಟ್ಟಾವ್ರಿ" ಎಂದಳು. ಗುಮಾಸ್ತ ನಕ್ಕು ಪೆನ್ನು ತೆಗೆದ.

ಆ ರಸೀದಿ ಹೀಗಿತ್ತು. ನೀವೂ ಓದಿರಿ. ಬಿಟ್ಟುಹೋದ ಮೂರನ್ನು ಹುಡುಕಿರಿ.

ರಸೀದಿ ಸಂಖ್ಯೆ: 147
ದಿನಾಂಕ:
ಕೋರ್ಸು: ಬಿ.ವಿ.ಎ. ಮೊದಲ ವರ್ಷ
ಬಾಬ್ತು: ಬೋಧನಾ ಶುಲ್ಕ, ಮೊದಲ ಕಂತು
ಹಣ, ಅಂಕಿಯಲ್ಲಿ: 12,000 ರೂ.
ಹಣ, ಅಕ್ಷರದಲ್ಲಿ:
ಪಡೆದವರ ಸಹಿ: ಇದೆ
ಕಾಲೇಜಿನ ಮೊಹರು: