ಹಬ್ಬದ ಖರ್ಚು ಮತ್ತು ಅಂಗಡಿಯ ಗಲ್ಲಾ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ವರ್ತಕರಿಗೆ ವರ್ಷದಲ್ಲಿ ಎರಡು ಸುಗ್ಗಿಗಳು. ಗೌರಿ-ಗಣೇಶ ಹಬ್ಬದಿಂದ ದೀಪಾವಳಿಯವರೆಗಿನದು ಒಂದು. ಮೇಲುಕೋಟೆಯ ವೈರಮುಡಿ, ಯುಗಾದಿ ಮತ್ತು ಅದರ ಮರುದಿನದ ಹೊಸತೊಡಕಿನ ಅವಧಿ ಇನ್ನೊಂದು. 1610ರಲ್ಲಿ ರಾಜ ಒಡೆಯರು ದಸರಾ ಆಚರಣೆಯನ್ನು ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿಯೇ. ಹಬ್ಬದ ಪೇಟೆ ಈ ಸೀಮೆಗೆ ಹೊಸದೇನೂ ಅಲ್ಲ. ಆದರೆ ವ್ಯಾಪಾರ ಏರುವ ತಿಂಗಳಿನಲ್ಲಿಯೇ ವರ್ತಕನ ಮನೆಯ ಖರ್ಚೂ ಏರುತ್ತದೆ, ಎರಡಕ್ಕೂ ಇರುವ ಗಲ್ಲಾ ಒಂದೇ. ತೊಂದರೆಯ ಮೂಲ ಇಲ್ಲಿದೆ.

ಒಂದು ಕಿರಾಣಿ ಅಂಗಡಿಯ ಲೆಕ್ಕವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಹಬ್ಬದ ತಿಂಗಳ ಮಾರಾಟ ರೂ. 6,00,000, ಅದರಲ್ಲಿ ಉದ್ರಿ ರೂ. 1,50,000. ಶೇ. 8ರ ಒಟ್ಟು ಲಾಭ ರೂ. 48,000. ಬಾಡಿಗೆ, ಸಂಬಳ, ವಿದ್ಯುತ್ತಿಗೆ ರೂ. 22,000 ಕಳೆದರೆ ಉಳಿಯುವುದು ರೂ. 26,000. ಮನೆಯ ಮಾಮೂಲು ಖರ್ಚು ರೂ. 18,000, ಹಬ್ಬದ ಬಟ್ಟೆಬರೆ, ನೆಂಟರು, ಉಡುಗೊರೆ, ಪ್ರವಾಸಗಳಿಗೆ ರೂ. 60,000. ಇಷ್ಟೆಲ್ಲ ಖರ್ಚಾದ ಮೇಲೂ ಗಲ್ಲಾದಲ್ಲಿ ರೂ. 3,50,000 ನಗದು ಕಾಣಿಸುತ್ತದೆ! ಮನೆಯವರು ಸಂತೋಷಪಡುವುದು ಸಹಜ. ಆದರೆ ಸರಕು ಕೊಟ್ಟ ಸಗಟು ವ್ಯಾಪಾರಿಗೆ ಸಲ್ಲಬೇಕಾದದ್ದು ರೂ. 5,52,000. ಉದ್ರಿಯೆಲ್ಲವೂ ಒಂದು ಪೈಸೆ ಬಿಡದೆ ವಸೂಲಾದರೂ ರೂ. 52,000 ಕೊರತೆ ಉಳಿಯುತ್ತದೆ. ಈ ಹಣವನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಕೈಸಾಲದಿಂದ ತುಂಬಿದರೆ ತಿಂಗಳಿಗೆ ರೂ. 1,560, ಮುಂದಿನ ಹಬ್ಬದ ವೇಳೆಗೆ ರೂ. 18,720. ಒಂದು ತಿಂಗಳ ಮನೆಖರ್ಚಿಗಿಂತ ಹೆಚ್ಚಿನ ಮೊತ್ತ ಬಡ್ಡಿಗೇ ಹೋಯಿತು. ಅಸಲು ಹಾಗೆಯೇ ಇದೆ.

ಉದ್ರಿ ಸಕಾಲದಲ್ಲಿ ಬರುವುದೆಂಬ ಭರವಸೆಯೂ ಇಲ್ಲ. ಗಿರಾಕಿಯ ಹಬ್ಬವೂ ಕಬ್ಬಿನ ಬಿಲ್ಲನ್ನೋ ಬೆಲ್ಲದ ಧಾರಣೆಯನ್ನೋ ನಂಬಿಕೊಂಡಿರುತ್ತದೆ. ಕಬ್ಬು ಪೂರೈಸಿದ 14 ದಿನಗಳಲ್ಲಿ ಕಾರ್ಖಾನೆ ಹಣ ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿತು. ಆದರೆ ಬಾಕಿ ಉಳಿಯುವುದು ರೈತರಿಗೂ ವರ್ತಕರಿಗೂ ಗೊತ್ತಿರುವ ಸಂಗತಿಯೇ. 2023ರಲ್ಲಿ ಮಳೆ ಕೈಕೊಟ್ಟು ಕೃಷ್ಣರಾಜಸಾಗರವು 124.80 ಅಡಿಯ ಗರಿಷ್ಠ ಮಟ್ಟವನ್ನು ಮುಟ್ಟಲಿಲ್ಲ. ಕಾವೇರಿ ನೀರಿಗಾಗಿ ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ನಡೆಯಿತು. ದಸರಾ ಮಾತ್ರ ಮುಂದೆ ಹೋಗಲಿಲ್ಲ. ಅಂಥ ವರ್ಷ ಗಿರಾಕಿಯ ಹಬ್ಬದ ಖರ್ಚೂ ವರ್ತಕನ ಹಬ್ಬದ ಖರ್ಚೂ ಒಂದೇ ಉದ್ರಿ ಪುಸ್ತಕದ ಮೇಲೆ ಬೀಳುತ್ತವೆ.

ಲೆಕ್ಕಪತ್ರದ ದೃಷ್ಟಿಯಿಂದ ಕೆಲವು ಅಂಶಗಳನ್ನು ಗಮನಿಸಬೇಕು. ಮನೆಗೆಂದು ತೆಗೆದ ಪ್ರತಿ ರೂಪಾಯಿಯನ್ನೂ ಅಂದೇ ಡ್ರಾಯಿಂಗ್ಸ್ ಖಾತೆಗೆ ಬರೆಯುವುದು ಅಗತ್ಯ. ಅದನ್ನು ಅಂಗಡಿಯ ಇತರೆ ಖರ್ಚೆಂದು ತೋರಿಸುವಂತಿಲ್ಲ. ಬ್ಯಾಂಕಿನ ಓ.ಡಿ. ಖಾತೆಯಿಂದ ಮನೆಗಾಗಿ ಹಣ ತೆಗೆದರೆ ಅದರ ಮೇಲಿನ ಬಡ್ಡಿ ವ್ಯಾಪಾರದ ವೆಚ್ಚವಾಗುವುದಿಲ್ಲ. ಅಂಗಡಿಯ ಸರಕನ್ನೇ ಮನೆಗೆ ಒಯ್ದರೆ ಅಥವಾ ಉಡುಗೊರೆಯಾಗಿ ಕೊಟ್ಟರೆ, ಅದರ ಖರೀದಿಯ ಮೇಲೆ ಪಡೆದ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ವೈರಮುಡಿ-ಯುಗಾದಿಯ ಸುಗ್ಗಿಗೆ ಇನ್ನೊಂದು ತೊಡಕಿದೆ. ಅದು ಮಾರ್ಚ್ 31ರ ಆಸುಪಾಸಿಗೆ ಬರುತ್ತದೆ. ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಅಥವಾ ಸಣ್ಣ ತಯಾರಕನಿಂದ ಸರಕು ತಂದಿದ್ದರೆ, 2006ರ ಕಾಯ್ದೆಯ ಪ್ರಕಾರ 15 ದಿನಗಳಲ್ಲಿ, ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದಲ್ಲದೆ 2024-25ರ ನಿರ್ಧರಣಾ ವರ್ಷದಿಂದ, ಗಡುವು ಮೀರಿ ಬಾಕಿ ಉಳಿದ ಮೊತ್ತವು ಪಾವತಿಯಾದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯಲ್ಲಿ ವೆಚ್ಚವೆಂದು ಪರಿಗಣಿತವಾಗುತ್ತದೆ. ಹೊಸತೊಡಕಿಗೆ ತೆಗೆದ ಹಣ ಹೀಗೆ ತೆರಿಗೆಯನ್ನೂ ಹೆಚ್ಚಿಸಬಲ್ಲದು.

ವಿಚಿತ್ರವೆಂದರೆ, ಇದಕ್ಕೆ ಬೇಕಾದ ಲೆಕ್ಕಶಾಸ್ತ್ರ ಊರಿನ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಹೊಸತೊಡಕಿನ ಮಾಂಸಕ್ಕೆಂದು ತಿಂಗಳು ತಿಂಗಳು ಕಟ್ಟುವ ಚೀಟಿ, ಗೊತ್ತಿರುವ ಖರ್ಚಿಗೆ ಮುಂಚೆಯೇ ಹಣ ಮೀಸಲಿಡುವ ಕ್ರಮವೇ ಆಗಿದೆ. ಅಂಗಡಿಯ ಬಾಡಿಗೆಯನ್ನು ತಪ್ಪದೆ ಕಟ್ಟುವ ವರ್ತಕ ಹಬ್ಬವನ್ನು ಮಾತ್ರ ಪ್ರತಿವರ್ಷವೂ ಅನಿರೀಕ್ಷಿತವೆಂಬಂತೆ ಎದುರಿಸುತ್ತಾನೆ. ಮೇಲಿನ ಉದಾಹರಣೆಯ ರೂ. 60,000ಕ್ಕೆ ತಿಂಗಳಿಗೆ ರೂ. 5,000 ಸಾಕು. ಮಾಮೂಲು ತಿಂಗಳಿನಲ್ಲಿ ಅಷ್ಟು ಉಳಿಯದಿದ್ದರೆ ಹಬ್ಬದ ಮೊತ್ತವನ್ನೇ ಇಳಿಸಬೇಕು, ರೂ. 3,000 ಉಳಿಯುವ ಮನೆಯ ಹಬ್ಬ ರೂ. 36,000ದ್ದು. ಚೀಟಿ ನಡೆಸುವವರು ಊರು ಬಿಟ್ಟ ಪ್ರಸಂಗಗಳೂ ಇರುವುದರಿಂದ, ಈ ಹಣವನ್ನು ಮನೆಯೊಡತಿಯ ಹೆಸರಿನಲ್ಲಿ ಬ್ಯಾಂಕಿನ 12 ತಿಂಗಳ ಆರ್.ಡಿ.ಯಲ್ಲಿ ತೊಡಗಿಸುವುದು ಲೇಸು. ಹಬ್ಬಕ್ಕೆ ಮುಂಚೆಯೇ ಅವಧಿ ಮುಗಿಯುವಂತೆ ಖಾತೆ ಆರಂಭಿಸಿದರೆ ಹಣ ಮುಂದಿನ ದೀಪಾವಳಿಯ ಹೊತ್ತಿಗೆ ಕೈಸೇರುತ್ತದೆ.