ಶ್ರಾವಕನ ಅಡುಗೆಮನೆ: ಆಹಾರಶುದ್ಧಿ ಮತ್ತು ಆರೋಗ್ಯ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬುದು ಹಿರಿಯರ ಅನುಭವದ ಮಾತು. ಜೈನ ಗೃಹಸ್ಥನಿಗೆ ಊಟ ಬಲ್ಲವನಾಗುವುದೆಂದರೆ ಏನನ್ನು ಉಣ್ಣಬೇಕು, ಯಾವಾಗ ಉಣ್ಣಬೇಕು, ಎಷ್ಟು ಕಾಲದೊಳಗೆ ಉಣ್ಣಬೇಕು, ಯಾವುದನ್ನು ತ್ಯಜಿಸಬೇಕು ಎಂಬ ನಾಲ್ಕನ್ನೂ ತಿಳಿಯುವುದು. 13ನೆಯ ಶತಮಾನದ ಪಂಡಿತ ಆಶಾಧರನು ‘ಸಾಗಾರಧರ್ಮಾಮೃತ’ದಲ್ಲಿ ಶ್ರಾವಕನ ಅಷ್ಟಮೂಲಗುಣಗಳನ್ನು ವಿವರಿಸುವಾಗ ರಾತ್ರಿಭೋಜನ ತ್ಯಾಗವನ್ನೂ ಜಲಗಾಲನವನ್ನೂ, ಅಂದರೆ ನೀರನ್ನು ಸೋಸಿ ಬಳಸುವುದನ್ನೂ, ಅವುಗಳಲ್ಲಿ ಹೇಳಿದ್ದಾನೆ.

ಈ ನಿಯಮಗಳ ಮೂಲ ಜೀವದಯೆ. ಆರೋಗ್ಯವು ಅದರೊಡನೆ ಬರುವ ಫಲ. ಆದರೆ ಇಂದು ಮನೆಯ ಮಕ್ಕಳು ‘ಇದೇಕೆ?’ ಎಂದು ಕೇಳಿದಾಗ ‘ನಮ್ಮಲ್ಲಿ ಹೀಗೆಯೇ ನಡೆದು ಬಂದಿದೆ’ ಎಂಬ ಉತ್ತರ ಸಾಲದು. ಕಾರಣ ತಿಳಿಯದ ಆಚರಣೆ ಒಂದೆರಡು ತಲೆಮಾರಿನಲ್ಲಿ ಮರೆಯಾಗುತ್ತದೆ. ಆದುದರಿಂದ ಹಿರಿಯರ ಪದ್ಧತಿಯಲ್ಲಿ ವಿಜ್ಞಾನವು ಒಪ್ಪಿದ್ದು ಯಾವುದು, ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕಾದದ್ದು ಎಲ್ಲಿ ಎಂಬುದನ್ನು ಶ್ರಾವಕ-ಶ್ರಾವಿಕೆಯರು ಅರಿತಿರಬೇಕು.

೧. ನೀರು

ಕೃಷ್ಣೆಯು ಮಖ್ತಲ್ ಸಮೀಪದ ತಂಗಡಿಯ ಬಳಿ ತೆಲಂಗಾಣವನ್ನು ಪ್ರವೇಶಿಸುತ್ತಾಳೆ. ಗದ್ವಾಲವು ಕೃಷ್ಣಾ-ತುಂಗಭದ್ರೆಯರ ನಡುವಿನ ನಡಿಗಡ್ಡ ಸೀಮೆ. ಎರಡು ನದಿಗಳಿದ್ದರೂ ಈ ಭಾಗದ ಹಳ್ಳಿಗಳು ಬಹುಕಾಲ ಬಾವಿ ಮತ್ತು ಕೆರೆಗಳ ನೀರನ್ನೇ ನಂಬಿ ಬದುಕಿದವು. ಅಂತಹ ನೀರನ್ನು ಶ್ರಾವಕರು ಬಟ್ಟೆಯಲ್ಲಿ ಸೋಸದೆ ಬಳಸುತ್ತಿರಲಿಲ್ಲ. ಬಟ್ಟೆಯು 36 ಅಂಗುಲ ಉದ್ದ, 24 ಅಂಗುಲ ಅಗಲ ಇರಬೇಕು, ಅದನ್ನು ಎರಡು ಪದರ ಮಾಡಬೇಕು, ಸೋಸಿದ ಬಳಿಕ ಬಟ್ಟೆಯಲ್ಲಿ ಉಳಿದ ಜೀವಗಳನ್ನು ತಂದ ನೀರಿನ ನೆಲೆಗೇ ನಿಧಾನವಾಗಿ ಬಿಡಬೇಕು ಎಂಬುದು ಕ್ರಮ.

ಈ ಬಟ್ಟೆಯ ಮಹತ್ವವನ್ನು ಎರಡು ಘಟನೆಗಳು ಸ್ಪಷ್ಟಪಡಿಸುತ್ತವೆ. ಮೊದಲನೆಯದು ನಾರುಹುಣ್ಣಿನ ರೋಗ. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜೀವಿಯ ಮೂಲಕ ದೇಹವನ್ನು ಸೇರುವ ಈ ಹುಳು ಒಂದು ವರ್ಷದ ಬಳಿಕ ಕಾಲಿನ ಚರ್ಮವನ್ನು ಸೀಳಿ ಹೊರಬರುತ್ತಿತ್ತು. ಅಂದಿನ ಆಂಧ್ರಪ್ರದೇಶ, ಕರ್ನಾಟಕಗಳೂ ಸೇರಿ ಏಳು ರಾಜ್ಯಗಳಲ್ಲಿ ಈ ಪಿಡುಗು ಇತ್ತು. ಇದಕ್ಕೆ ಲಸಿಕೆಯಿಲ್ಲ. ಸುರಕ್ಷಿತ ನೀರಿನ ನೆಲೆಗಳನ್ನು ಒದಗಿಸುವುದು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು ಮುಂತಾದ ಸರಳ ಉಪಾಯಗಳಿಂದಲೇ ಇದು ಅಳಿಯಿತು. ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ಭಾರತವು ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಎರಡನೆಯದು ಬಾಂಗ್ಲಾದೇಶದ ಪ್ರಯೋಗ. ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಅಲ್ಲಿನ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯ ಬಟ್ಟೆಯನ್ನು ನಾಲ್ಕು ಪದರಗಳಿಗಿಂತ ಹೆಚ್ಚು ಮಡಿಚಿ ನೀರು ಸೋಸುವುದನ್ನು ಹೆಂಗಸರಿಗೆ ಕಲಿಸಿದರು. ಕಾಲರಾ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಹೊಸ ಬಟ್ಟೆಗಿಂತ ಒಗೆದು ಒಗೆದು ಮೆತ್ತಗಾದ ಹತ್ತಿಯ ಬಟ್ಟೆಯೇ ಮೇಲು. ಅದರ ನೂಲು ಉಬ್ಬಿ ರಂಧ್ರಗಳು ಕಿರಿದಾಗಿರುತ್ತವೆ. ಮಗ್ಗದ ಸೀರೆಗೆ ಹೆಸರಾದ ನಾರಾಯಣಪೇಟೆಯಲ್ಲಿ ಇಂತಹ ಬಟ್ಟೆಗೆ ಯಾವ ಮನೆಯಲ್ಲೂ ಕೊರತೆಯಿಲ್ಲ.

ಆದರೆ ಇಲ್ಲಿ ಒಂದು ಮಾತನ್ನು ಮರೆಯಬಾರದು. ಬಟ್ಟೆಯು ಕಣ್ಣಿಗೆ ಕಾಣುವ ಜೀವಿಗಳನ್ನೂ ಸೈಕ್ಲಾಪ್ಸ್‌ನಂತಹ ಸೂಕ್ಷ್ಮ ಜೀವಿಗಳನ್ನೂ ತಡೆಯುತ್ತದೆ. ಬಿಡಿಯಾದ ಬ್ಯಾಕ್ಟೀರಿಯಾ, ಕಾಮಾಲೆಯ ವೈರಸ್, ನೀರಿನಲ್ಲಿ ಕರಗಿದ ಫ್ಲೋರೈಡ್ ಇವುಗಳನ್ನು ತಡೆಯಲಾರದು. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕಾಯಿಸಿದ ನೀರಿನದು 24 ಗಂಟೆ ಎಂದು ಹಿರಿಯರು ಹೇಳಿದ್ದಾರೆ. ಸೋಸಿ, ಕುದಿಸಿ, ಮುಚ್ಚಿಟ್ಟು, ಮರುದಿನಕ್ಕೆ ಹೊಸದಾಗಿ ಕಾಯಿಸಿಕೊಳ್ಳುವ ಈ ಕ್ರಮವೇ ಇಂದಿಗೂ ನಿರ್ಭಯವಾದದ್ದು. ಫ್ಲೋರೈಡ್ ಮಾತ್ರ ಕುದಿಸಿದರೂ ಹೋಗದು. ಕೊಳವೆಬಾವಿಯ ನೀರನ್ನು ಕುಡಿಯುವವರು ಅದನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

೨. ಧಾನ್ಯ ಮತ್ತು ಹಿಟ್ಟು

ದಿಗಂಬರ ಪದ್ಧತಿಯಲ್ಲಿ ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಹಿಟ್ಟಿನಲ್ಲಿ ಹುಳು, ಬೂಷ್ಟು ಬೇಗ ಹುಟ್ಟುತ್ತವೆ ಎಂಬ ಅರಿವು ಈ ಲೆಕ್ಕದಲ್ಲಿಯೇ ಅಡಗಿದೆ.

ಬೂಷ್ಟನ್ನು ಹಗುರವಾಗಿ ಕಾಣಬಾರದು. 1995ರಲ್ಲಿ ದಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಸುಗ್ಗಿಯ ವೇಳೆಗೆ ಅಕಾಲ ಮಳೆ ಸುರಿದು ಜೋಳ, ಮೆಕ್ಕೆಜೋಳಗಳು ನೆನೆದವು. ಬಡವರು ಬೂಷ್ಟು ಹಿಡಿದ ಆ ಕಾಳನ್ನೇ ಬೀಸಿ ರೊಟ್ಟಿ ಮಾಡಿ ಉಂಡರು. ಹೊಟ್ಟೆನೋವು, ಹೊಟ್ಟೆ ಗುಡುಗುಡಿಸುವುದು, ಭೇದಿ ಹಲವರನ್ನು ಕಾಡಿದವು. ಕಾರಣವನ್ನು ಹುಡುಕಿದ ವಿಜ್ಞಾನಿಗಳಿಗೆ ಕಾಳಿನಲ್ಲಿ ಫ್ಯುಮೋನಿಸಿನ್ ಎಂಬ ಬೂಷ್ಟಿನ ವಿಷ ದೊರೆಯಿತು. ಅದಕ್ಕೂ ಮೊದಲು 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳದಿಂದ ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ಮೃತರಾದರು. ಅದು ಅಫ್ಲಾಟಾಕ್ಸಿನ್ ಎಂಬ ವಿಷ. ಶೇಂಗಾದಲ್ಲಿಯೂ ಇದೇ ವಿಷ ಹುಟ್ಟುತ್ತದೆ. ಹುರಿದರೂ ಬೇಯಿಸಿದರೂ ಇದು ಪೂರ್ಣವಾಗಿ ನಾಶವಾಗದು.

ಜೋಳ, ಶೇಂಗಾಗಳೇ ದಿನನಿತ್ಯದ ಆಹಾರವಾಗಿರುವ ಈ ಸೀಮೆಗೆ ಈ ವಿಚಾರ ಅತಿ ಮುಖ್ಯ. ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಚೀಲವನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡಬೇಕು. ಕಪ್ಪಾದ, ಸುಕ್ಕಿದ, ಹಸಿರು ಬೂಷ್ಟು ಹಿಡಿದ ಶೇಂಗಾವನ್ನು ಆರಿಸಿ ಎಸೆಯಬೇಕು. ಅಂತಹುದನ್ನು ಹಿಂಡಿ ಕುಟ್ಟಲು ಬಳಸಬಾರದು. ಹಸಿ ಕಾಳಿನಲ್ಲಿ ಕಾಣುವ ದೋಷ ಹಿಂಡಿಯ ಖಾರದಲ್ಲಿ ಕಾಣುವುದಿಲ್ಲ.

೩. ಚಲಿತರಸ ಮತ್ತು ರಾತ್ರಿಭೋಜನ

ರುಚಿ, ವಾಸನೆ, ಬಣ್ಣ ಬದಲಾದ ಪದಾರ್ಥವನ್ನು ಶಾಸ್ತ್ರವು ಚಲಿತರಸವೆಂದು ಕರೆದು ಅಭಕ್ಷ್ಯಗಳಲ್ಲಿ ಸೇರಿಸಿದೆ. ಆದರೆ ಕೆಟ್ಟ ಅನ್ನವೆಲ್ಲವೂ ವಾಸನೆ ಬೀರುವುದಿಲ್ಲ. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಕುದಿಯುವ ನೀರಿನಲ್ಲಿಯೂ ಸಾಯವು. ಅನ್ನವು ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಅವು ಬೆಳೆದು ವಿಷವನ್ನು ಉಂಟುಮಾಡುತ್ತವೆ. ಅಂತಹ ಅನ್ನವನ್ನು ಮರಳಿ ಬಿಸಿ ಮಾಡಿದರೂ ಆ ವಿಷ ಹೋಗದು. ಮಾಡಿದ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಿದೆ. ಬಾಸಿ ಅನ್ನವನ್ನು ಬಿಟ್ಟವರಿಗೆ ಈ ಭಯವೇ ಇಲ್ಲ. ಖಡಕ್ ರೊಟ್ಟಿ ಹಲವು ದಿನ ಕೆಡದೆ ಇರುವುದು ಅದರ ತೇವವೆಲ್ಲ ಆರಿರುವುದರಿಂದ. ಆದರೂ ಮರ್ಯಾದೆಯ ನಿಯಮವುಳ್ಳವರು ಅದನ್ನೂ ಆ ದಿನದ್ದನ್ನು ಆ ದಿನವೇ ಮುಗಿಸುತ್ತಾರೆ.

ರಾತ್ರಿಭೋಜನ ತ್ಯಾಗವು ದೀಪದ ಬೆಳಕಿಗೆ ಬಂದು ಬೀಳುವ ಜೀವಗಳ ರಕ್ಷಣೆಗಾಗಿ ಹುಟ್ಟಿದ ನಿಯಮ. ಈಗ ವಿದ್ಯುತ್ ದೀಪವಿದೆ, ಜೀವಗಳು ಅದಕ್ಕೂ ಬರುತ್ತವೆ. ಸೂರ್ಯಾಸ್ತದೊಳಗೆ ಉಂಡವನಿಗೆ ಮಲಗುವ ಮೊದಲು ಜೀರ್ಣಕ್ಕೆ ಸಾಕಷ್ಟು ಸಮಯ ದೊರೆಯುತ್ತದೆ. ಅಂಗಡಿ ಮುಚ್ಚಿ ರಾತ್ರಿ ಹತ್ತಕ್ಕೆ ಉಂಡು ಹಾಸಿಗೆ ಸೇರುವ ವ್ಯಾಪಾರಿಗಳು ಈ ಲಾಭವನ್ನು ವಿಚಾರಿಸಬೇಕು.

೪. ಪೋಷಣೆಯ ಲೆಕ್ಕ

ಶುದ್ಧವಾದ ಆಹಾರವೆಲ್ಲವೂ ಪೂರ್ಣವಾದ ಆಹಾರವಲ್ಲ. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ, ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕ ಇದೆ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಅಂಶವನ್ನು ಬೇಳೆ ತುಂಬಿಕೊಡುತ್ತದೆ. ರೊಟ್ಟಿ-ಬೇಳೆಯ ಜೋಡಿ ಹೀಗಾಗಿಯೇ ಉತ್ತಮ. ಗಜ್ಜರಿಯಂತಹ ಕಂದಮೂಲಗಳನ್ನು ಬಿಟ್ಟವರು ಕುಂಬಳ, ಪಪ್ಪಾಯಿ, ಮಾವುಗಳಿಂದ ‘ಎ’ ಜೀವಸತ್ವವನ್ನು ಪಡೆಯಬಹುದು.

ಒಂದು ಕೊರತೆಗೆ ಮಾತ್ರ ವಿಶೇಷ ಗಮನ ಬೇಕು. ‘ಬಿ-12’ ಜೀವಸತ್ವವು ಧಾನ್ಯ, ಬೇಳೆ, ಸೊಪ್ಪುಗಳಲ್ಲಿ ದೊರೆಯದು. ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಆಸರೆ. ಸದಾ ದಣಿವು, ಕೈಕಾಲು ಜೋಮು, ಮರೆವು ಕಂಡುಬಂದರೆ ಅದನ್ನು ಮುಪ್ಪೆಂದು ಸುಮ್ಮನಿರದೆ ರಕ್ತಪರೀಕ್ಷೆ ಮಾಡಿಸಬೇಕು. ಹಾಲನ್ನೂ ತ್ಯಜಿಸುವ ವ್ರತಿಗಳೂ, ಉಪವಾಸ ಮಾಡುವ ಸಕ್ಕರೆ ರೋಗಿಗಳೂ ಗುರುಗಳ ಅಪ್ಪಣೆಯೊಡನೆ ವೈದ್ಯರ ಸಲಹೆಯನ್ನೂ ಪಡೆಯುವುದು ಉಚಿತ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ನೀಡಿದ ಮಾರ್ಗಸೂಚಿಯಂತೆ ಒಬ್ಬರಿಗೆ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು, ಎಣ್ಣೆ-ತುಪ್ಪ ಸೇರಿ ಸುಮಾರು 27 ಗ್ರಾಂ ಸಾಕು. ನಾಲ್ವರ ಮನೆಗೆ ತಿಂಗಳಿಗೆ ಉಪ್ಪು 600 ಗ್ರಾಂ, ಎಣ್ಣೆ-ತುಪ್ಪ ಮೂರೂಕಾಲು ಕಿಲೋ ಆಯಿತು. ಹಪ್ಪಳ, ಸಂಡಿಗೆಯ ಉಪ್ಪೂ ಇದರೊಳಗೇ ಬರಬೇಕು. ತಿಂಗಳ ಸಾಮಾನಿನ ಚೀಟಿಯನ್ನು ಒಮ್ಮೆ ಈ ಲೆಕ್ಕಕ್ಕೆ ಹೊಂದಿಸಿ ನೋಡಿದರೆ ಮನೆಯ ಆರೋಗ್ಯ ತಾನಾಗಿ ತಿಳಿಯುತ್ತದೆ.

೫. ಅಂಗಡಿಯ ಧರ್ಮ

ಅಡುಗೆಮನೆಯ ಶುದ್ಧಿ ಅಂಗಡಿಯಿಂದಲೇ ಆರಂಭವಾಗುತ್ತದೆ. ತತ್ವಾರ್ಥಸೂತ್ರವು ಅಚೌರ್ಯ ಅಣುವ್ರತದ ಐದು ಅತಿಚಾರಗಳಲ್ಲಿ ಎರಡನ್ನು ವ್ಯಾಪಾರಕ್ಕೆ ನೇರವಾಗಿ ಅನ್ವಯಿಸಿದೆ. ಹೀನಾಧಿಕ ಮಾನೋನ್ಮಾನ ಎಂದರೆ ಅಳತೆ-ತೂಕದ ಮೋಸ. ಪ್ರತಿರೂಪಕ ವ್ಯವಹಾರ ಎಂದರೆ ಒಳ್ಳೆಯ ಪದಾರ್ಥದಲ್ಲಿ ಕೀಳು ಪದಾರ್ಥವನ್ನು ಬೆರೆಸಿ ಮಾರುವುದು. 2006ರ ಆಹಾರ ಸುರಕ್ಷತಾ ಕಾಯಿದೆಯು ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಕಲಬೆರಕೆಯನ್ನು ಕಳ್ಳತನವೆಂದು ಜೈನಾಚಾರ್ಯರು ನಿರ್ಣಯಿಸಿದ್ದರು. ತೊಗರಿಬೇಳೆಯಲ್ಲಿ ಕೇಸರಿಬೇಳೆ ಬೆರೆಸುವುದು ಅಂತಹ ಪಾಪ. ಕೇಸರಿಬೇಳೆಯನ್ನು ಬಹುಕಾಲ ಅತಿಯಾಗಿ ಉಂಡವರ ಕಾಲುಗಳು ಸೊರಗಿ ನಡೆಯಲಾರದಂತಾಗುತ್ತವೆ. ಬೇಳೆಯನ್ನು ಬೆಚ್ಚಗಿನ ನೀರಿನಲ್ಲಿ ಹಾಕಿದ ಕೂಡಲೇ ಹಳದಿ ಬಣ್ಣ ಬಿಟ್ಟರೆ ಅದಕ್ಕೆ ಬಣ್ಣ ಬಳಿದಿರುವರೆಂದು ಸಂಶಯಿಸಬೇಕು. ಕರಿದ ಎಣ್ಣೆಯಲ್ಲಿ ಮತ್ತೆ ಮತ್ತೆ ಕರಿಯುವುದು, ತಿಂಡಿಯನ್ನು ವೃತ್ತಪತ್ರಿಕೆಯಲ್ಲಿ ಕಟ್ಟಿಕೊಡುವುದು ಇವೂ ನಿಲ್ಲಬೇಕು. ಅಚ್ಚಿನ ಮಸಿ ತಿಂಡಿಗೆ ಅಂಟುತ್ತದೆ.

ನಿತ್ಯ ಪಾಲಿಸಬೇಕಾದ ನಿಯಮಗಳು

• ನೀರನ್ನು ಸೋಸಿ, ಕುದಿಸಿ, ಮುಚ್ಚಿಡುವುದು. ಸೋಸುವ ಬಟ್ಟೆಯನ್ನು ನಿತ್ಯ ಒಗೆದು ಬಿಸಿಲಿಗೆ ಹರಡುವುದು.
• ಹಿಟ್ಟಿನ ಡಬ್ಬಿಯ ಮೇಲೆ ಬೀಸಿದ ದಿನವನ್ನು ಬರೆಯುವುದು.
• ಬೂಷ್ಟು ಹಿಡಿದ ಕಾಳನ್ನು ದಾನಕ್ಕೂ ಕೊಡದಿರುವುದು.
• ಬೇಕಾದಷ್ಟೇ ಅಡುಗೆ ಮಾಡಿ, ಬಿಸಿಯಿರುವಾಗಲೇ ಉಣ್ಣುವುದು.
• ಅಡುಗೆಗೂ ಊಟಕ್ಕೂ ಮೊದಲು ಸಾಬೂನಿನಿಂದ ಕೈ ತೊಳೆಯುವುದು.
• ನಿತ್ಯ ಒಂದು ಲೋಟ ಮಜ್ಜಿಗೆಯನ್ನಾದರೂ ಸೇವಿಸುವುದು.

ದಾನದ ಮಾತು ಇಲ್ಲಿ ವಿಶೇಷವಾದದ್ದು. ತಾನು ಉಣ್ಣಲೊಲ್ಲದ ಧಾನ್ಯವನ್ನು ಬಡವನ ಜೋಳಿಗೆಗೆ ಹಾಕುವುದು ಆಹಾರದಾನವಲ್ಲ. 1995ರಲ್ಲಿ ಬೂಷ್ಟು ಹಿಡಿದ ಜೋಳವನ್ನು ಉಂಡವರು ಬೇರೆ ಗತಿಯಿಲ್ಲದೆ ಉಂಡರು ಎಂಬುದು ನೆನಪಿರಲಿ. ಉತ್ಸವದ ದಿನಗಳಲ್ಲಿ ನೂರಾರು ಜನ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ, ಬಡಿಸುವ ಕೈ ಎಷ್ಟು ಉದಾರವೋ ಅಷ್ಟೇ ಶುದ್ಧವೂ ಆಗಿರಬೇಕು. ಆಗಲೇ ಆಹಾರದಾನವು ಅಭಯದಾನವೂ ಆಗುತ್ತದೆ.

ಸರ್ವರಿಗೂ ಆರೋಗ್ಯ, ಸದ್ಬುದ್ಧಿ ಲಭಿಸಲಿ. ಜೈ ಜಿನೇಂದ್ರ.